ಬಾಯಿ ಸಿಹಿಯಾದರೆ

ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಮ್ಮನೆಯವಳು ನನ್ನನ್ನು ಕುರ್ಚಿಯಲ್ಲಿ ಕೂರಲೂ ಬಿಡಲಿಲ್ಲ. "ಬನ್ನಿ, ಹಿತ್ತಲಿಗೆ ಬನ್ನಿ, ಒಂದು ತೋರಿಸ್ಬೇಕು," ಎಂದು ಕೈ ಹಿಡಿದು ನಡೆಸಿಕೊಂಡು ಹೋದಳು. ಹರ್ನಿಯಾ ಆಪರೇಷನ್ ಆಗಿ ಒಂಬತ್ತು ದಿನವಾಗಿತ್ತು, ಹೆಜ್ಜೆ ಹೆಜ್ಜೆಗೂ ಹೊಲಿಗೆ ಎಳೆಯುತ್ತಿತ್ತು. ಬಚ್ಚಲ ಗೋಡೆ ಹಿಡಿದು ನಿಂತು ನೋಡಿದೆ. ಹಿತ್ತಲಲ್ಲಿ ಸಿಮೆಂಟಿನ ಹಾಸು ಇರಲಿಲ್ಲ.

ಆ ಹಾಸು ನಾನೇ ಕೈಯಾರೆ ಹಾಕಿದ್ದು. ಮೂವತ್ತೊಂದು ವರ್ಷದ ಹಿಂದೆ, ಗೇಣು ದಪ್ಪಕ್ಕೆ. ಬಟ್ಟೆ ಒಗೆಯಲು ಅನುಕೂಲವಾಗಲಿ ಎಂದು ಆಗ ಇವಳಿಗೆ ಹೇಳಿದ್ದೆ. ಬಟ್ಟೆ ಒಗೆಯುವುದಕ್ಕೆ ಗೇಣು ದಪ್ಪದ ಹಾಸು ಯಾಕೆ ಎಂದು ಅವಳು ಕೇಳಲಿಲ್ಲ. ಈಗ ಅದು ಚೂರುಚೂರಾಗಿ ಕಾಂಪೌಂಡಿನ ಮೂಲೆಯಲ್ಲಿ ಬಿದ್ದಿತ್ತು. ಅದಿದ್ದ ಜಾಗವನ್ನು ಅಗೆದು, ಹೆಂಟೆ ಒಡೆದು, ಗೊಬ್ಬರ ಬೆರೆಸಿ, ಅಂಚು ಕಟ್ಟಿ ಮಡಿ ಮಾಡಿದ್ದರು.

"ಇಡೀ ಮನೇಲಿ ಚೆನ್ನಾಗಿ ಬಿಸಿಲು ಬೀಳೋದು ಇದೊಂದೇ ಜಾಗ. ಇಷ್ಟು ವರ್ಷ ಸಿಮೆಂಟಿನ ಕೆಳಗೆ ದಂಡವಾಗಿ ಬಿದ್ದಿತ್ತು," ಎಂದಳು. "ನೀವಿದ್ದಿದ್ರೆ ಬಿಡ್ತಿರಲಿಲ್ಲ. ಅದಕ್ಕೇ ನೀವಿಲ್ಲದಾಗ ಗಾರೆಯವನನ್ನ ಕರೆಸಿ ಒಡೆಸಿಬಿಟ್ಟೆ."

ಅಗೆಯುವಾಗ ಸಿಕ್ಕಿದ್ದನ್ನೂ ತಂದು ತೋರಿಸಿದಳು. ಡಬ್ಬಿಯ ಮುಚ್ಚಳದಲ್ಲಿ ಬೂದುಬಣ್ಣದ ಏಳೆಂಟು ಕಾಳು. ಕೆಲವು ಬಟಾಣಿಯಷ್ಟು, ಒಂದು ಹೆಬ್ಬೆರಳಿನ ತುದಿಯಷ್ಟು.

"ಇದೇನ್ರೀ? ಇಷ್ಟೇ ಇಷ್ಟಿದೆ, ಎಷ್ಟು ಭಾರ ನೋಡಿ."

"ಗಾರೆ ಚೂರು. ಬಿಸಾಕು," ಎಂದೆ.

ಏನನ್ನಾದರೂ ಬಿಸಾಕುವ ಪೈಕಿಯವಳಲ್ಲ ಅವಳು. ಮುಚ್ಚಳ ಅಡುಗೆಮನೆಯ ಕಿಟಕಿಗೆ ಹೋಯಿತು.

ಅದು ಗಾರೆಯಲ್ಲ, ಸೀಸ, ಮಣ್ಣಲ್ಲಿ ಹೊಳಪು ಸತ್ತು ಅವಳಿಗೆ ಗುರುತು ಸಿಕ್ಕಿರಲಿಲ್ಲ. ನನ್ನ ಕಸುಬು ಬ್ಯಾಟರಿ ರಿಪೇರಿ, ಬೀದಿಯವರಿಗೆ ಇವತ್ತಿಗೂ ನಾನು ಬ್ಯಾಟರಿ ಯಜಮಾನ. ಮದುವೆಯಾದ ಹೊಸದರಲ್ಲಿ ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದೆ. ಸತ್ತ ಬ್ಯಾಟರಿ ಒಡೆದು, ಒಳಗಿನ ಪ್ಲೇಟು ತೆಗೆದು, ಬಾಣಲೆಯಲ್ಲಿ ಕರಗಿಸಿ ಅಚ್ಚಿಗೆ ಹೊಯ್ದು ಗಟ್ಟಿ ಮಾಡುತ್ತಿದ್ದೆ. ಆಸಿಡ್ಡು, ಬೂದಿ, ಚೆಲ್ಲಿದ ಸೀಸ, ಎಲ್ಲ ಆ ನೆಲಕ್ಕೇ. ಕೆಲಸ ಕಲಿಸಿದ ಮೇಸ್ತ್ರಿ ಮೊದಲ ದಿನವೇ ಎರಡು ಮಾತು ಹೇಳಿದ್ದ. "ಬಾಯಿ ಸಿಹಿಯಾದ್ರೆ ಬಾಣಲೆ ಇಳಿಸಿ ಆಚೆ ಹೋಗು, ಸೀಸ ಒಳಗೆ ಹೋಗಿದೆ ಅಂತ ಅರ್ಥ. ಇನ್ನೊಂದು, ಬಸುರಿ ಹೆಂಗಸನ್ನ ಮಾತ್ರ ಒಲೆ ಹತ್ರ ಸೇರಿಸ್ಬೇಡ. ಮಗು ನಿಲ್ಲಲ್ಲ."

ಮೊದಲನೆಯ ಮಾತನ್ನು ಚಾಚೂ ತಪ್ಪದೆ ಪಾಲಿಸಿದೆ, ಅದು ನನ್ನ ಜೀವದ ಮಾತು ನೋಡಿ. ಎರಡನೆಯ ಮಾತಿನ ಸರದಿ ಬಂದಾಗ ಸಹಾಯಕ್ಕಿದ್ದವನು ಕೈಕೊಟ್ಟು ಹೋಗಿದ್ದ, ಗಟ್ಟಿಗಳನ್ನು ತಿಂಗಳೊಳಗೆ ಮುಗಿಸಿಕೊಡುತ್ತೇನೆಂದು ಮಾತು ಕೊಟ್ಟಾಗಿತ್ತು. ಆರು ತಿಂಗಳ ಬಸುರಿ ಹೆಂಡತಿ "ಒಲೆಗೆ ಗಾಳಿ ಊದೋ ಬ್ಲೋಯರ್ ನಾನು ತಿರುಗಿಸ್ತೀನಿ ಬಿಡಿ, ಕೂತು ಮಾಡೋ ಕೆಲಸ ತಾನೆ" ಎಂದಳು. ಬೇಡ ಎನ್ನಲಿಲ್ಲ. ಹದಿನೆಂಟು ದಿನ ತಿರುಗಿಸಿದಳು. ಏಳನೇ ತಿಂಗಳಲ್ಲಿ ಹೆಣ್ಣುಮಗು ಹುಟ್ಟಿತು, ಹುಟ್ಟುವಾಗಲೇ ಉಸಿರಿರಲಿಲ್ಲ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಏನು ಕೆಲಸ ಮಾಡ್ತೀರಿ ಎಂದು ಕೇಳಿದರು. ಅಂಗಡಿ ಕೆಲಸ ಎಂದೆ.

ಹೆರಿಗೆ ನೋವು ಬಂದ ದಿನ ಬೆಳಗ್ಗೆ ಅವಳು ಒಂದು ಬಕೆಟ್ ನೀರು ಎತ್ತಿದ್ದಳು. ಅದರಿಂದಲೇ ಹೀಗಾಯಿತೆಂದು ತಾನೇ ತೀರ್ಮಾನ ಮಾಡಿಕೊಂಡಳು. ನೋಡಲು ಬಂದ ನನ್ನ ಅಕ್ಕ "ತುಂಬಿದ ಬಸುರಿಗೆ ಬಕೆಟ್ ಎತ್ತಬಾರದು ಅನ್ನೋ ಬುದ್ಧಿನೂ ಬೇಡ್ವಾ" ಎಂದು ಎಲ್ಲರೆದುರು ಅಂದಾಗ ನಾನು ಅಲ್ಲೇ ಬಾಗಿಲ ಬಳಿ ನಿಂತಿದ್ದೆ. ತುಟಿ ಪಿಟಕ್ಕೆನ್ನಲಿಲ್ಲ. ಮುಂದಿನ ತಿಂಗಳು ಶೆಡ್ಡು ಕಿತ್ತೆ, ಹಾಸು ಹಾಕಿದೆ, ಬೇರೊಬ್ಬರ ಬ್ಯಾಟರಿ ಅಂಗಡಿಗೆ ಕೆಲಸಕ್ಕೆ ಸೇರಿದೆ. ನಾಲ್ಕು ವರ್ಷದ ಮೇಲೆ ಮಗ ಹುಟ್ಟಿದ. ಚೆನ್ನಾಗಿದ್ದಾನೆ, ಲಿಫ್ಟ್ ರಿಪೇರಿ ಮಾಡುತ್ತಾನೆ. ಇದರಲ್ಲಿ ಇನ್ನೊಂದು ಮಾತು ಉಳಿದಿದೆ. ಅದನ್ನು ನಾನಾಗಿ ಹೇಳುವ ಧೈರ್ಯ ಈಗಲೂ ಇಲ್ಲ.

ಮಡಿಗೆ ಏನು ಹಾಕುವುದೆಂದು ನಿರ್ಧರಿಸಿದವಳು ಸೊಸೆ. ದೊಡ್ಡ ಹೋಟೆಲೊಂದರ ಅಡುಗೆಮನೆಯಲ್ಲಿ ಅವಳದು ಹಸಿ ಸೊಪ್ಪು, ತರಕಾರಿ ಹೆಚ್ಚಿ ಸಲಾಡ್ ಮಾಡುವ ಕೆಲಸ. ಅಲ್ಲಿಂದ ಎಂಡೈವ್ ಬೀಜದ ಒಂದು ಪೊಟ್ಟಣ ತಂದಳು. ಎಲೆಯ ಅಂಚೆಲ್ಲ ಸುರುಳಿ ಸುರುಳಿ ಇರುವ ಸೊಪ್ಪು, ಹುಟ್ಟಾ ಕಹಿ. ಅತ್ತೆಗೆ ಆ ಹೆಸರು ಹೇಳಲು ನಾಲಿಗೆ ಹೊರಳಲಿಲ್ಲ. ಎರಡು ದಿನ ಒದ್ದಾಡಿ, ಗುಂಗುರು ಸೊಪ್ಪು ಎಂದು ತಾನೇ ನಾಮಕರಣ ಮಾಡಿದಳು.

"ಕುಂಡದಲ್ಲಿ ಹಾಕಿ. ನೆಲದಲ್ಲಿ ಹುಳ ಜಾಸ್ತಿ," ಎಂದೆ ನಾನು.

"ಒಳ್ಳೆ ನೆಲ ಇಟ್ಕೊಂಡು ಕುಂಡ ಯಾಕ್ರೀ?" ಎಂದಳು ಇವಳು.

ಅಲ್ಲಿಗೆ ನನ್ನ ಪೌರುಷ ಮುಗಿಯಿತು. ಬೀಜವಿನ್ನೂ ಪೊಟ್ಟಣದಲ್ಲಿದೆ, ಮೊಳೆಯಲಿ ನೋಡೋಣ ಎಂದು ಸುಮ್ಮನಾದೆ. ತಟ್ಟೆಯಲ್ಲಿ ತೆಳ್ಳಗೆ ಚೆಲ್ಲಿ, ಮೇಲೆ ಜರಡಿ ಹಿಡಿದ ಮಣ್ಣು ಉದುರಿಸಿದರು. ನಾಲ್ಕನೇ ದಿನ ಮೊಳೆಯಿತು. ಐದೆಲೆ ಬಂದ ಮೇಲೆ ಸಸಿಗಳನ್ನು ಒಂದೂವರೆ ಗೇಣಿಗೊಂದರಂತೆ ಮಡಿಗೆ ನೆಟ್ಟರು, ಇಪ್ಪತ್ತನಾಲ್ಕು. ಆಗಲಾದರೂ ಹೇಳಬಹುದಿತ್ತು. ಬೇರು ಹಿಡಿಯಲಿ ನೋಡೋಣ ಎಂದುಕೊಂಡೆ. ಎಷ್ಟು ನೋಡೋಣಗಳನ್ನು ನೋಡಿದೆನೋ ನನಗೇ ಗೊತ್ತಿಲ್ಲ.

ಸಸಿ ನೆಟ್ಟ ಮರುವಾರ ಸೊಸೆ ಕೆಲಸದಿಂದ ಬೇಗ ಬಂದಳು. ಕೈಯಲ್ಲಿ ಚಿಕ್ಕ ಪೆಟ್ಟಿಗೆ, ಅದರಲ್ಲಿ ಸಿಹಿತಿಂಡಿ.

"ಮಾವ, ಬಾಯಿ ಸಿಹಿ ಮಾಡ್ಕೊಳ್ಳಿ," ಎಂದಳು. ಮಗ ಹಿಂದೆ ನಿಂತು ಸುಮ್ಮಸುಮ್ಮನೆ ನಗುತ್ತಿದ್ದ. ಇವಳಿಗೆ ಥಟ್ಟನೆ ಅರ್ಥವಾಗಿ ಸೊಸೆಯ ಗಲ್ಲ ಹಿಡಿದುಕೊಂಡಳು. ನಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಲೋಕಕ್ಕೆಲ್ಲ ಬಾಯಿ ಸಿಹಿಯಾದರೆ ಸಂತೋಷ. ನನ್ನ ಕಸುಬಿನಲ್ಲಿ ಅದು ಬಾಣಲೆ ಇಳಿಸಿ ಓಡಬೇಕಾದ ಸೂಚನೆ.

ಅಂದಿನಿಂದ ಮನೆಯಲ್ಲಿ ಒಂದು ಕಾನೂನು ಬಂತು. ಸೊಸೆ ಬಕೆಟ್ ಮುಟ್ಟಬಾರದು. ಅರ್ಧ ತುಂಬಿದ ಚೊಂಬು ಎತ್ತಿದರೂ ಇವಳು ಓಡಿ ಬಂದು ಕಿತ್ತುಕೊಳ್ಳುವಳು. "ನೀನು ಸುಮ್ನೆ ಕೂತ್ಕೋ. ನೀರು ನಾನು ಹಾಕ್ತೀನಿ. ನಾನು ಮಾಡಿದ ತಪ್ಪು ನೀನು ಮಾಡೋದು ಬೇಡ." ದಿನಾ ಬೆಳಗ್ಗೆ ಅರವತ್ತು ದಾಟಿದ ಹೆಂಗಸು ಎರಡೆರಡು ಬಕೆಟ್ ಹೊತ್ತು ಆ ಮಡಿಗೆ ನೀರುಣಿಸುತ್ತಿದ್ದಳು. ಸೊಸೆ ಕಟ್ಟೆಯ ಮೇಲೆ ಕಾಲಿಳಿಬಿಟ್ಟು ಕೂತು, ಗಿಡಗಳಿಂದ ಕಿತ್ತ ಎಳೆ ಎಲೆಗಳನ್ನು ಮೊಲದ ಹಾಗೆ ಮೆಲ್ಲುತ್ತಿದ್ದಳು. ಬೇರೆ ಬಸುರಿಯರಿಗೆ ಹುಳಿ ಬಯಕೆಯಾದರೆ ಸೊಸೆಗೆ ಕಹಿಯದು. ನಾನು ಕಿಟಕಿಯಿಂದ ನೋಡುತ್ತಿದ್ದೆ, ಅವಳು ಎಷ್ಟು ಎಲೆ ತಿಂದಳೆಂದು ಎಣಿಸುತ್ತಿದ್ದೆ.

"ತೊಳ್ಕೊಂಡು ತಿನ್ನಮ್ಮ," ಎಂದೆ ಒಂದು ದಿನ.

"ನಮ್ಮ ಹಿತ್ತಲದ್ದೇ ಅಲ್ವಾ ಮಾವ. ಔಷಧಿ ಹೊಡೆದಿಲ್ಲ, ಏನಿಲ್ಲ."

"ಹಿತ್ತಲ ಗಿಡ ಮದ್ದಲ್ಲ ಅಂತಾರೆ," ಎಂದೆ.

"ಮದ್ದಲ್ದಿದ್ರೆ ಬೇಡ, ವಿಷ ಅಲ್ವಲ್ಲ," ಎಂದು ನಕ್ಕಳು.

ಅವಳು ತಮಾಷೆಗೆ ಅಂದದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು, ಎದ್ದು ಒಳಗೆ ಹೋದೆ.

ಗಿಡಗಳು ಸೊಗಸಾಗಿ ಬಂದವು. ತಟ್ಟೆಯಗಲ ನೆಲಕ್ಕೆ ಹರಡಿ, ಒಂದರ ಎಲೆ ಇನ್ನೊಂದಕ್ಕೆ ತಾಗಿದವು. ಎರಡು ತಿಂಗಳು ದಾಟಿದ ಮೇಲೆ ಸೊಸೆ ಅತ್ತೆಗೆ ಕಹಿ ತೆಗೆಯುವ ವಿದ್ಯೆ ಕಲಿಸಿದಳು. ಬಿಸಿಲು ಚೆನ್ನಾಗಿರುವ ಮಧ್ಯಾಹ್ನ, ಎಲೆಗಳ ಮೇಲೆ ಒಂದು ಹನಿ ನೀರೂ ಇಲ್ಲದಾಗ, ಗಿಡವನ್ನು ಜಡೆ ಎತ್ತಿದ ಹಾಗೆ ಎರಡೂ ಕೈಯಿಂದ ಎತ್ತಿ ಹಿಡಿದು ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಬೇಕು. ಮೇಲೆ ಕುಂಡ ಕವುಚಿ ಅದರ ತೂತಿಗೆ ಚಿಂದಿ ತುರುಕಬೇಕು. ಹದಿನೈದು ದಿನ ಬೆಳಕು ಕಾಣದಿದ್ದರೆ ಒಳಗಿನ ತಿರುಳು ಬೆಣ್ಣೆಯ ಬಣ್ಣಕ್ಕೆ ತಿರುಗುತ್ತದೆ, ಕಹಿ ಇಳಿಯುತ್ತದೆ. ನೀರು ಸೇರಿದರೆ ಮಾತ್ರ ಕೊಳೆತು ಹೋಗುತ್ತದೆ.

ಚಿಂದಿ ಗಾಳಿಗೆ ಹಾರದಿರಲೆಂದು ಇವಳು ಕಿಟಕಿಯಲ್ಲಿದ್ದ ಆ ಬೂದುಕಾಳುಗಳನ್ನು ತಂದು ಏಳೆಂಟು ಕುಂಡಗಳ ತಲೆಯ ಮೇಲೆ ಒಂದೊಂದಾಗಿ ಇಟ್ಟಳು, ಉಳಿದವಕ್ಕೆ ಕಲ್ಲು. "ಭಾರ ಇದೆ ಅಂದಿದ್ದೆನಲ್ಲ, ಕೆಲಸಕ್ಕೆ ಬಂತು ನೋಡಿ."

ಕೊಳೆಯುತ್ತದೆ ಎಂಬ ಮಾತು ನನ್ನ ತಲೆಯಲ್ಲಿ ಕೂತಿತು. ಬಾಯಿಬಿಟ್ಟು ಹೇಳಲಾಗದವನಿಗೆ ಕಳ್ಳದಾರಿ ಬೇಗ ಹೊಳೆಯುತ್ತದೆ. ಊಟವಾದ ಮೇಲೆ ಇವಳು ಒಂದು ಗಳಿಗೆ ಮಲಗುತ್ತಾಳೆ. ಆಗ ಹಿತ್ತಲಿಗೆ ಹೋಗಿ, ಒಂದು ಕುಂಡ ಎತ್ತಿ, ಕಟ್ಟಿದ ಎಲೆಗಳ ನಡುವೆ ಒಂದು ಮಗ್ಗು ನೀರು ಸುರಿದು ಮತ್ತೆ ಮುಚ್ಚುತ್ತಿದ್ದೆ. ದಿನಕ್ಕೆ ನಾಲ್ಕರಂತೆ ಮೂರು ದಿನ ಸುರಿದು ಕಾದೆ. ಆರನೆಯ ದಿನ ಅವಳು ನೋಡಲೆಂದು ಎತ್ತಿದರೆ ಒಳಗೆ ಲೋಳೆ, ನಾತ. ಒಂದಾದ ಮೇಲೆ ಒಂದು ಹನ್ನೆರಡು ಗಿಡ ಕಿತ್ತು ಎಸೆದಳು. ಎಸೆಯುವಾಗ ಅವಳ ಮುಖ ನೋಡಲಾಗಲಿಲ್ಲ.

ಹದಿಮೂರನೆಯದಕ್ಕೆ ಕೈ ಹಾಕಿದಾಗ ಸಿಕ್ಕಿಬಿದ್ದೆ. ಮಗ್ಗು ಕೈಯಲ್ಲಿತ್ತು. ಅವಳು ಬಾಗಿಲಲ್ಲಿ ನಿಂತಿದ್ದಳು.

"ನೀವಾ?" ಎಂದಳು. ಆಮೇಲೆ ಬಹಳ ಮೆಲ್ಲಗೆ, "ಯಾಕ್ರೀ?"

ಅದೇ ಸಮಯ. ಅದಕ್ಕಿಂತ ಒಳ್ಳೆಯ ಸಮಯ ದೇವರೂ ಕೊಡಲಾರ. "ಒಣಗಿತ್ತು ಅಂತ," ಎಂದೆ.

ಸಂಜೆ ಮಗ ಬಂದ ಮೇಲೆ ಅಡುಗೆಮನೆಯಲ್ಲಿ ಪಿಸುಪಿಸು ನಡೆಯಿತು. ಅರವತ್ತಕ್ಕೆ ಅರಳುಮರಳು, ನಿಮ್ಮಪ್ಪಂಗೆ ಅರವತ್ತಾರು, ಆರು ವರ್ಷ ತಡವಾಗಿ ಬಂದಿದೆ ಅಷ್ಟೇ ಎಂದು ಇವಳು ನಗಿಸಲು ನೋಡಿದಳು. ಯಾರೂ ನಗಲಿಲ್ಲ. ಆಪರೇಷನ್ನಿನಲ್ಲಿ ಮತ್ತಿನ ಔಷಧಿ ಕೊಟ್ಟರಲ್ಲ, ಅದು ಕೆಲವರ ತಲೆಗೆ ಹತ್ತುತ್ತದಂತೆ ಎಂದ ಮಗ. ಮಾರನೆಯ ದಿನದಿಂದ ಹಿತ್ತಲ ಬಾಗಿಲಿಗೆ ಒಳಗಿನಿಂದ ಬೀಗ ಬಿತ್ತು. ಬೀಗದ ಕೈ ಇವಳ ಸೊಂಟದಲ್ಲಿ. ನನ್ನ ಜೊತೆ ಎಲ್ಲರೂ ಮಗುವಿನೊಂದಿಗೆ ಮಾತಾಡುವ ಹಾಗೆ ಮಾತಾಡತೊಡಗಿದರು. ನಿಜ ಹೇಳಲೇ? ಆ ಪಟ್ಟ ನನಗೆ ಹಿತವಾಗಿಯೇ ಇತ್ತು. ಹುಚ್ಚನನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ.

ಹಾಗೆ ಹನ್ನೆರಡು ಗಿಡ ಉಳಿದವು. ಸೊಸೆಗೆ ಐದನೇ ತಿಂಗಳು ನಡೆಯುತ್ತಿತ್ತು.

ಕೊಯ್ಲಿನ ದಿನ ಅವಳಿಗೆ ರಜೆ. ನನ್ನನ್ನೂ ಕರೆದು ಕಟ್ಟೆಯ ಮೇಲೆ ಕೂರಿಸಿದರು, ಕೈಯಲ್ಲಿ ಮಗ್ಗು ಇಲ್ಲವೆಂದು ನೋಡಿಕೊಂಡರು. ಇವಳು ಮೊದಲ ಕುಂಡ ಎತ್ತಿದಳು. ಪಟ್ಟಿ ಬಿಚ್ಚಿ ಹೊರಗಿನ ಹಸಿರು ಎಲೆಗಳನ್ನು ಸರಿಸಿದರೆ ಒಳಗೆ ತೆಳು ಹಳದಿ, ನಡುವಿನಲ್ಲಿ ಅಚ್ಚ ಬಿಳಿ. ಚೂರಿಯನ್ನು ಮಣ್ಣಿನ ಮಟ್ಟಕ್ಕೆ ಇಟ್ಟು ಕೊಯ್ದಳು. ಬುಡದಿಂದ ಹಾಲು ಒಸರಿತು. ಹೊರಗಿನ ಎಲೆ ತೆಗೆದು, ತಿರುಳನ್ನು ಅಲ್ಲೇ ನೀರಿನಲ್ಲಿ ಅದ್ದಿ ಸೊಸೆಯ ಕೈಗೆ ಕೊಟ್ಟಳು. ಕಚ್ಚಿದ ಸದ್ದು ನನಗೆ ಕೇಳಿಸಿತು.

"ಅತ್ತೆ, ಕಹಿ ಒಂಚೂರೂ ಇಲ್ಲ," ಎಂದಳು ಸೊಸೆ. "ಸಿಹಿಯಾಗಿದೆ. ನೋಡಿ, ಬಾಯೆಲ್ಲ ಸಿಹಿ."

ನಾನು ಎದ್ದದ್ದು ನನಗೆ ಗೊತ್ತಿಲ್ಲ. ಅವಳ ಕೈಯಿಂದ ಕಿತ್ತುಕೊಂಡೆ. "ಉಗುಳು," ಎಂದೆ. "ಉಗುಳಮ್ಮ, ಬಾಯಿ ತೊಳ್ಕೋ."

"ರೀ!" ಎಂದಳು ಇವಳು. ಮಗನಿಗೆ ಫೋನು ಮಾಡಲು ಸೊಸೆ ಒಳಗೆ ಹೊರಟಳು. ಅವಳ ಕಣ್ಣಲ್ಲಿ ಹೆದರಿಕೆಯಿತ್ತು, ನನ್ನನ್ನು ಕಂಡ ಹೆದರಿಕೆ.

ಕುಂಡದ ಮೇಲಿದ್ದ ದೊಡ್ಡ ಬೂದುಕಾಳನ್ನು ಎತ್ತಿಕೊಂಡೆ. ಕೆಳಗೆ ಬಿದ್ದಿದ್ದ ಚೂರಿಯಿಂದ ಅದನ್ನು ಕೆರೆದೆ. ಮೇಲಿನ ಬೂದಿ ಹೋಗಿ ಒಳಗಿನಿಂದ ಬೆಳ್ಳಗೆ ಹೊಳೆಯಿತು. ಹಾಗೆ ಹೊಳೆಯುವ ಗಾರೆ ಲೋಕದಲ್ಲಿಲ್ಲ. ಇವಳ ಮುಂದೆ ಹಿಡಿದೆ.

"ಇದು ಸೀಸ. ಈ ಮಣ್ಣಿನ ತುಂಬ ಇದೇ ಇದೆ. ಬಸುರಿಗೆ ಆಗಲ್ಲ, ಹೊಟ್ಟೆಯಲ್ಲಿರೋ ಮಗುಗೆ ಆಗಲ್ಲ. ಅದಕ್ಕೇ ನೀರು ಸುರಿದೆ. ನಂಗೆ ಅರಳುಮರಳಲ್ಲ."

"ನಿಮಗೆ ಯಾವಾಗ ಗೊತ್ತಾಯ್ತು?"

ಅವಳು ಕೇಳಿದ್ದು ಅಷ್ಟೇ. ಸುಳ್ಳು ಹೇಳಲು ಆಗಲೂ ಜಾಗವಿತ್ತು. ನಿನ್ನೆ ಪೇಪರಿನಲ್ಲಿ ಓದಿದೆ ಎನ್ನಬಹುದಿತ್ತು. ಸೊಸೆ ಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು.

"ಮೊದಲಿಂದ ಗೊತ್ತು," ಎಂದೆ. "ಮೇಸ್ತ್ರಿ ಹೇಳಿದ್ದ. ನೀನು ಬ್ಲೋಯರ್ ತಿರುಗಿಸೋ ಮುಂಚಿಂದಲೂ ಗೊತ್ತು."

ಇವಳು ಕಟ್ಟೆಯ ಮೇಲೆ ಕೂತಳು. ಸೀಸದ ಕಾಳನ್ನು ನನ್ನ ಕೈಯಿಂದ ತೆಗೆದುಕೊಂಡು ಸೀರೆಯ ಸೆರಗಿನಿಂದ ಒರೆಸಿದಳು, ಅದರಲ್ಲಿ ಏನೋ ಬರೆದಿದೆ ಎಂಬಂತೆ ನೋಡಿದಳು.

"ಆಗ ನಾನು ನಿಮಗೆ ಹೇಳಿದ್ದೆ," ಎಂದಳು ಆಮೇಲೆ. "ನೀರು ಕುಡಿದ್ರೂ ಸಿಹಿ ಅನ್ಸುತ್ತೆ, ಬಾಯಿ ಒಂಥರಾ ಸಿಹಿಸಿಹಿ ಆಗಿದೆ ಅಂದೆ. ಬಸುರಿ ಬಾಯಿ, ಹಾಗೇ ಇರುತ್ತೆ ಅಂದ್ರಿ. ನಕ್ಕಿದ್ರಿ."

ಉಳಿದಿದ್ದ ಮಾತು ಅದೇ. ಅವಳು ಮರೆತಿದ್ದಾಳೆಂದು ಮೂವತ್ತೊಂದು ವರ್ಷ ನಂಬಿಕೊಂಡಿದ್ದೆ.

ಮಗ ಬಂದ. ನಾನು ಇನ್ನೊಮ್ಮೆ ಎಲ್ಲ ಹೇಳಿದೆ, ಈ ಸಲ ಅವನ ಮುಖ ನೋಡಿಕೊಂಡು. ಬೈಯುತ್ತಾನೆ ಎಂದುಕೊಂಡಿದ್ದೆ, ಬೈಯಲಿಲ್ಲ. ಹಿತ್ತಲಿಗೆ ಹೋಗಿ, ಆ ಮಣ್ಣು ಹತ್ತಿದ್ದ ಹೆಂಡತಿಯ ಚಪ್ಪಲಿ ತೊಳೆದು ತಂದ.

ಮಧ್ಯಾಹ್ನವೇ ಆಸ್ಪತ್ರೆಗೆ ಹೋದೆವು. ಸೊಸೆ, ಮಗ ಮುಂದೆ, ನಾವಿಬ್ಬರು ಹಿಂದೆ. ಬಸ್ಸಿನಲ್ಲಿ ಇವಳು ನನ್ನ ಪಕ್ಕದಲ್ಲಿ ಕೂರಲಿಲ್ಲ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಎಲ್ಲವನ್ನೂ ಬರೆದುಕೊಳ್ಳುತ್ತಾ ಕೇಳಿದರು. ಸೀಸ ಎಲ್ಲಿಂದ ಬಂತು, ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಿದ್ದರು ಎಂದರು. ಇವಳು ನನ್ನ ಕಡೆ ತಿರುಗಿ ಕಾದಳು.

"ನಾನು," ಎಂದೆ. "ಹಿತ್ತಲಲ್ಲಿ ಬ್ಯಾಟರಿ ಒಡೆದು ಸೀಸ ಕರಗಿಸ್ತಿದ್ದೆ. ಆರು ವರ್ಷ."

ಡಾಕ್ಟರಮ್ಮ ಬರೆದುಕೊಂಡರು. ಸೊಪ್ಪಿನ ಸಿಹಿಗೂ ಸೀಸಕ್ಕೂ ಸಂಬಂಧವಿಲ್ಲ, ಅದು ಕುಂಡ ಮುಚ್ಚಿದ್ದರಿಂದ ಬಂದದ್ದು ಎಂದರು. ಕಹಿಯಾಗಿದ್ದಾಗ ತಿಂದ ಎಲೆಗಳಲ್ಲೂ ಸೀಸ ಅಷ್ಟೇ ಇದ್ದಿರಬಹುದು, ರುಚಿಯಲ್ಲಿ ಗೊತ್ತಾಗುವುದಿಲ್ಲ. ರಕ್ತ ಪರೀಕ್ಷೆಯ ಫಲ ಬರಲು ನಾಲ್ಕು ದಿನ ಬೇಕು, ಅಲ್ಲಿಯ ತನಕ ಏನೂ ಹೇಳಲಾಗದು, ಆ ಹಿತ್ತಲಿಗೆ ಯಾರೂ ಕಾಲಿಡಬೇಡಿ ಎಂದರು. ನರ್ಸು ಬಂದು ಸೊಸೆಯ ತೋಳಿಗೆ ಪಟ್ಟಿ ಬಿಗಿದಳು. ಕೊಳವೆಯಲ್ಲಿ ರಕ್ತ ಏರಿತು, ನೋಡಲು ಎಲ್ಲರ ರಕ್ತದಂತೆಯೇ ಇತ್ತು.

ಎಲ್ಲರೂ ಎದ್ದರು. ಇವಳು ಏಳಲಿಲ್ಲ.

"ಡಾಕ್ಟರಮ್ಮ, ಒಂದು ಕೇಳ್ಲಾ?" ಎಂದಳು. "ಏಳು ತಿಂಗಳ ಬಸುರಿ ಒಂದು ಬಕೆಟ್ ನೀರು ಎತ್ತಿದ್ರೆ ಮಗು ಹೋಗುತ್ತಾ?"

"ಒಂದು ಬಕೆಟ್ ನೀರಿಗೆ ಹಾಗೆಲ್ಲ ಆಗಲ್ಲಮ್ಮ," ಎಂದರು ಅವರು. "ಯಾರು ಹೇಳಿದ್ದು ನಿಮಗೆ?"

ಇವಳು ನನ್ನನ್ನು ನೋಡಲಿಲ್ಲ. "ಯಾರೂ ಹೇಳಲಿಲ್ಲ," ಎಂದಳು. "ಅಲ್ಲ ಅಂತ ಯಾರೂ ಹೇಳಲಿಲ್ಲ."